ಹಾಜರಿ ಪುಸ್ತಕವೂ ಸುವಾರ್ತೆಯೂ

ಹುಬ್ಬಳ್ಳಿಯಲ್ಲಿ ‘ಸೆಟ್ಲಮೆಂಟ್’ ಎಂಬ ಹೆಸರು ಇಂದಿಗೂ ಉಳಿದಿದೆ. ಅದು 1871ರ ಅಪರಾಧಿ ಬುಡಕಟ್ಟುಗಳ ಕಾಯ್ದೆಯ ಕುರುಹು. ಮೊದಲು ಉತ್ತರ ಭಾರತದಲ್ಲಿ ಜಾರಿಗೆ ಬಂದ ಈ ಕಾಯ್ದೆಯನ್ನು 1911ರಲ್ಲಿ ಮುಂಬಯಿ, ಮದರಾಸು ಪ್ರಾಂತಗಳನ್ನೂ ಒಳಗೊಳ್ಳುವಂತೆ ವಿಸ್ತರಿಸಲಾಯಿತು. ಸರ್ಕಾರದ ಒಂದೇ ಪ್ರಕಟಣೆಯಿಂದ ಇಡೀ ಸಮುದಾಯ ‘ಅಪರಾಧಿ’ ಎನಿಸಿಕೊಳ್ಳುತ್ತಿತ್ತು. ಅದನ್ನು ನ್ಯಾಯಾಲಯದಲ್ಲಿ ಪ್ರಶ್ನಿಸುವಂತಿರಲಿಲ್ಲ.

ಕೊರಮ, ಕೊರಚರನ್ನೇ ತೆಗೆದುಕೊಳ್ಳೋಣ. ಎತ್ತು, ಕತ್ತೆಗಳ ಮೇಲೆ ಉಪ್ಪು, ಧಾನ್ಯಗಳನ್ನು ಹೇರಿಕೊಂಡು ಊರೂರು ತಿರುಗಿ ಮಾರುತ್ತಿದ್ದವರು ಅವರು. ರೈಲು ಬಂದಿತು, ಸರ್ಕಾರದ ಉಪ್ಪಿನ ನೀತಿ ಬಿಗಿಯಾಯಿತು, ವ್ಯಾಪಾರ ಮುರಿಯಿತು. ಬದುಕು ಕಳೆದುಕೊಂಡ ಅಲೆಮಾರಿಯನ್ನು ಆಡಳಿತವು ಹುಟ್ಟುಗಳ್ಳನೆಂದು ದಾಖಲಿಸಿತು.

ಈ ದಾಖಲೆಯನ್ನು ನಂಬಿದವರಲ್ಲಿ ಕ್ರಿಸ್ತನ ಸೇವಕರೂ ಇದ್ದರು. ಐ.ಸಿ.ಎಸ್. ಹುದ್ದೆ ತೊರೆದು ಬಡವರ ನಡುವೆ ಬಾಳಿದ ಫ್ರೆಡರಿಕ್ ಬೂತ್-ಟಕ್ಕರ್ ಅವರ ನೇತೃತ್ವದಲ್ಲಿ ಸಾಲ್ವೇಷನ್ ಆರ್ಮಿ 1908ರಿಂದ ಇಂಥ ವಸಾಹತುಗಳನ್ನು ವಹಿಸಿಕೊಂಡಿತು. ಆಂಧ್ರದ ಸ್ಟುವರ್ಟ್‌ಪುರಂ ಅವುಗಳಲ್ಲೊಂದು. ಮುಂಬಯಿ ಪ್ರಾಂತದಲ್ಲಿ ಸ್ಟಾರ್ಟ್ ಎಂಬ ಅಧಿಕಾರಿ ಬಿಜಾಪುರ ಮೊದಲಾದೆಡೆ ವಸಾಹತುಗಳನ್ನು ಕಟ್ಟಿದರು. ಕೆಲವನ್ನು ಮಿಷನ್‌ಗಳು ನಡೆಸಿದವು.

ಇವರ ಕರುಣೆ ನಟನೆಯಾಗಿರಲಿಲ್ಲ. ಅಕ್ಷರ, ಔಷಧ, ಕೂಲಿ ದೊರಕಿಸಿದರು. ಆದರೆ ಬೋಧಕನೇ ಹಾಜರಿ ತೆಗೆದುಕೊಂಡನು. ಹೊರಗೆ ಹೋಗಲು ರಹದಾರಿ ಬೇಕಾಯಿತು. ಮಕ್ಕಳನ್ನು ಹೆತ್ತವರಿಂದ ಬೇರ್ಪಡಿಸಲು ಕಾಯ್ದೆಯೇ ಅವಕಾಶವಿತ್ತಿತ್ತು. ಪ್ರಾರ್ಥನೆಯ ಗಂಟೆಗೂ ಪೊಲೀಸರ ಗಂಟೆಗೂ ಅಂತರವೇನೆಂದು ಒಳಗಿದ್ದವರು ಹೇಗೆ ತಿಳಿದಾರು?

ಮೇಲಧಿಕಾರಿಗಳಿಗೆ ಅಧೀನರಾಗಿರಬೇಕೆಂಬ ರೋಮಾಪುರದವರಿಗೆ ಬರೆದ ಪತ್ರಿಕೆಯ 13ನೆಯ ಅಧ್ಯಾಯದ ಬೋಧನೆಯನ್ನು ನಾವು ಬಲ್ಲೆವು. ಆದರೆ ಅಧೀನತೆ ಒಂದು, ಮನುಷ್ಯನ ವ್ಯಾಖ್ಯಾನವನ್ನೇ ಅಧಿಕಾರದಿಂದ ಎರವಲು ಪಡೆಯುವುದು ಇನ್ನೊಂದು. ಮಿಷನರಿಗಳು ‘ಅಪರಾಧಿಯನ್ನು ತಿದ್ದುವುದು ಹೇಗೆ?’ ಎಂದು ಕೇಳಿದರು. ‘ಇವನನ್ನು ಅಪರಾಧಿಯೆಂದವರು ಯಾರು?’ ಎಂದು ಕೇಳಲಿಲ್ಲ. ತಿದ್ದುವ ಉತ್ಸಾಹವೇ ಕಾಯ್ದೆಗೆ ಸಜ್ಜನಿಕೆಯ ಮುಖವನ್ನು ಕೊಟ್ಟಿತು.

1952ರ ಆಗಸ್ಟ್ 31ರಂದು ಕಾಯ್ದೆ ರದ್ದಾಯಿತು. ಕಳಂಕ ಅಷ್ಟು ಬೇಗ ರದ್ದಾಗಲಿಲ್ಲ.

ಬಾರ್ತಿಮಾಯನ ಕುರುಡು ಎಲ್ಲರಿಗೂ ಕಾಣುತ್ತಿತ್ತು. ಆದರೂ ಕರ್ತನು ಅವನಿಗೇನು ಬೇಕೆಂದು ಅವನನ್ನೇ ಕೇಳಿದನು. ಸರ್ಕಾರದ ಪಟ್ಟಿ ಹಿಡಿದು ಸೇವೆಗೆ ಹೊರಡುವ ಸಭೆ ಇಂದೂ ಮೊದಲು ಮಾಡಬೇಕಾದದ್ದು ಅದನ್ನೇ.