ಐವರು ಮಕ್ಕಳು ಕಟ್ಟಿಸಿದ ಒಂದೇ ಛತ್ರಿ

ನಮ್ಮೂರಿನಲ್ಲಿ ಛತ್ರಿ ಎಂದರೆ ಮಳೆಗೆ ಹಿಡಿಯುವ ಕೊಡೆ; ಇಲ್ಲವೇ ನಂಬಿದವರಿಗೆ ಕೈಕೊಡುವ ಆಸಾಮಿ. ಬ್ಯಾಂಕ್ ನೌಕರಿಯಲ್ಲಿ ರಾಜಸ್ಥಾನಕ್ಕೆ ವರ್ಗವಾದ ಮೇಲೆಯೇ ಈ ಮಾತಿಗೆ ಮೂರನೆಯ ಅರ್ಥವೂ ಇದೆಯೆಂದು ನನಗೆ ತಿಳಿದದ್ದು. ಅಲ್ಲಿ ತೀರಿಹೋದ ಹಿರಿಯರ ನೆನಪಿಗೆ, ಹೆಚ್ಚಾಗಿ ಚಿತೆ ಉರಿದ ಜಾಗದಲ್ಲೇ, ಕಂಬಗಳ ಮೇಲೆ ಗುಮ್ಮಟ ಕೂರಿಸಿ ಕಟ್ಟುವ ಮಂಟಪಕ್ಕೂ ಛತ್ರಿ ಎನ್ನುತ್ತಾರೆ. ದೇಹವನ್ನು ಸುಟ್ಟಿರುವುದರಿಂದ ಒಳಗೆ ಗೋರಿ ಇರುವುದಿಲ್ಲ.

ಒಂದು ಭಾನುವಾರ ಝುಂಝುನು ಜಿಲ್ಲೆಯ ಪರಸರಾಂಪುರಕ್ಕೆ ಹೋಗಿದ್ದೆ. ಅಲ್ಲಿರುವುದು ಠಾಕೂರ್ ಶಾರ್ದೂಲ್ ಸಿಂಗ್‌ನ ಛತ್ರಿ. 1730ರಲ್ಲಿ ಝುಂಝುನುವನ್ನು ವಶಪಡಿಸಿಕೊಂಡು ಶೇಖಾವಟಿ ಸೀಮೆಯ ಬಹುಭಾಗ ಆಳಿದವನು ಈತ, 1742ರಲ್ಲಿ ತೀರಿಕೊಂಡ. 1750ರಲ್ಲಿ ಮಕ್ಕಳು ಇದನ್ನು ಕಟ್ಟಿಸಿದರು. ಹೊರಗಿನಿಂದ ನೋಡಿದರೆ ಹನ್ನೆರಡು ಕಂಬ, ಒಂದು ಗುಮ್ಮಟ, ಅಷ್ಟೇ. ಒಳಗೆ ನಿಂತು ತಲೆ ಎತ್ತಬೇಕು! ಗುಮ್ಮಟದ ಒಳಮೈ ತುಂಬ ಚಿತ್ರ: ರಾಮಾಯಣದ ಯುದ್ಧ, ಕೃಷ್ಣನ ಲೀಲೆ, ಆನೆ ಕುದುರೆ, ಠಾಕೂರನೂ ಅವನ ಮಕ್ಕಳೂ. ಕೆಮ್ಮಣ್ಣಿನ ಕೆಂಪು, ಕಾಡಿಗೆಯ ಕಪ್ಪು ಇಂದಿಗೂ ಕಣ್ಣಿಗೆ ಹಿಡಿಯುತ್ತವೆ.

ಆ ಸೀಮೆಯಲ್ಲಿ ಗಾರೆ ಕೆಲಸದವರೇ ಚಿತ್ರಗಾರರು. ಅವರಿಗೆ ಚೇಜಾರರು ಎಂದು ಹೆಸರು, ಮೂಲದಲ್ಲಿ ಕುಂಬಾರರು. ಸುಣ್ಣದ ಗಾರೆ ಹಸಿಯಾಗಿರುವಾಗಲೇ ಬಣ್ಣ ಹಚ್ಚಿಬಿಡಬೇಕು. ಗಾರೆ ಒಣಗುತ್ತ ಬಣ್ಣವನ್ನು ತನ್ನೊಳಗೆ ಹಿಡಿದುಕೊಳ್ಳುತ್ತದೆ. ಕೈ ತಪ್ಪಿದರೆ ಅಳಿಸಿ ತಿದ್ದುವಂತಿಲ್ಲ. ಮುಂದೆ ಮಾರ್ವಾಡಿ ಸಾಹುಕಾರರು ರಾಮಗಢದಂಥ ಊರುಗಳಲ್ಲಿ ಇನ್ನೂ ದೊಡ್ಡ ಛತ್ರಿಗಳನ್ನು ಕಟ್ಟಿಸಿದರು. ಜರ್ಮನಿಯ ಬಣ್ಣ ಬಂತು, ಆ ಸೀಮೆಯ ಗೋಡೆಗಳ ಮೇಲೆ ರೈಲೂ ಓಡಿತು. ನನಗೇಕೋ ಪರಸರಾಂಪುರದ ಮಣ್ಣಿನ ಬಣ್ಣವೇ ಹೆಚ್ಚು.

ಅದಕ್ಕೆ ಇನ್ನೊಂದು ಕಾರಣವೂ ಉಂಟು. ಶಾರ್ದೂಲ್ ಸಿಂಗ್‌ನ ಸೀಮೆಯನ್ನು ಐವರು ಮಕ್ಕಳು ಐದು ಪಾಲು ಮಾಡಿಕೊಂಡರು. ಅದಕ್ಕೆ ಪಂಚಪಾಣಾ ಎಂದೇ ಹೆಸರಾಯಿತು. ಎಲ್ಲರಿಗೂ ಬೇರೆ ಬೇರೆ ಕೋಟೆ, ಬೇರೆ ಬೇರೆ ದರ್ಬಾರು. ಅಪ್ಪನ ಛತ್ರಿ ಮಾತ್ರ ಒಂದೇ. ಅದರಡಿ ನಿಂತಿದ್ದಾಗ ನನಗೆ ನಮ್ಮ ಮನೆಯ ನೆನಪಾಗಿ ಕತ್ತು ತಗ್ಗಿತು.

ನಾವು ನಾಲ್ವರು ಅಣ್ಣತಮ್ಮಂದಿರು, ನಾಲ್ವರೂ ಇದೇ ಶಾಲೆಯಲ್ಲಿ ಓದಿದವರು. ಹೊಲ ಪಾಲಾದಾಗ ಅಪ್ಪನ ಸಮಾಧಿ ಕಟ್ಟೆ ಸರಿಯಾಗಿ ಬದುವಿನ ಮೇಲೆ ಬಂತು. ದೊಡ್ಡಣ್ಣನ ಕಡೆಗೆ ಎರಡು ಮೂಲೆ, ನನ್ನ ಕಡೆಗೆ ಎರಡು ಮೂಲೆ. ಅವನು ಬಳಿಸಲಿ ಎಂದು ನಾನು, ನಾನು ಬಳಿಸಲಿ ಎಂದು ಅವನು. ಹನ್ನೊಂದು ವರ್ಷದಿಂದ ಕಟ್ಟೆ ಸುಣ್ಣ ಕಂಡಿಲ್ಲ. ನಡುವೆ ಬೇವಿನ ಸಸಿಯೊಂದು ಹುಟ್ಟಿ ಕಲ್ಲು ಸೀಳಿದೆ.

ಸುವರ್ಣ ಮಹೋತ್ಸವಕ್ಕೆ ನಾಲ್ವರೂ ಬರುತ್ತಿದ್ದೇವೆ. ಮಾರನೆಯ ದಿನ ಬೆಳಿಗ್ಗೆ ಹೊಲದ ಹತ್ತಿರ ಬಾ ಎಂದು ದೊಡ್ಡಣ್ಣನಿಗೆ ಫೋನ್ ಮಾಡಿದೆ. ‘ಆಗಲಿ, ಬ್ರಷ್ ನಾನು ತರ್ತೀನಿ’ ಅಂದ. ಒಂದು ಚೀಲ ಸುಣ್ಣಕ್ಕೆ ನಾನು ಹೇಳಿಟ್ಟಿದ್ದೇನೆ.