ನಾಯಿಗೆ ಹಾಕಿ ಉಣ್ಣುವುದು

ನಮ್ಮ ಮನೆಯಲ್ಲಿ ಬೆಳಗಿನ ಒಲೆ ಹತ್ತುವುದು ಮೂರು ಪಾತ್ರೆಗೆ. ಒಂದು ನಮ್ಮ ಉಪ್ಪಿಟ್ಟೋ ಚಿತ್ರಾನ್ನವೋ. ಎರಡನೆಯದು ಮಗಳ ರಾಗಿ ಸರಿ. ನೆನೆಸಿ, ಮೊಳಕೆ ಕಟ್ಟಿ, ನೆರಳಲ್ಲಿ ಒಣಗಿಸಿ, ಬೀಸಿ, ವಸ್ತ್ರಗಾಲ ಮಾಡಿದ ಹಿಟ್ಟು ಅದು. ಅಜ್ಜಿ ಹುಣಸೂರಿನ ಕಡೆಯ ನಮ್ಮ ಊರಿನಿಂದ ಬರುವಾಗ ಡಬ್ಬಿ ತುಂಬಿಸಿಕೊಂಡೇ ಬಂದಿದ್ದಳು. ಮೂರನೆಯದು ಬೂದಿ ಮತ್ತು ಕೆಂಚನ ಗಂಜಿ. ಅದಕ್ಕೆ ಉಪ್ಪಿಲ್ಲ, ಒಗ್ಗರಣೆ ಇಲ್ಲ, ಮುಖ್ಯವಾಗಿ ಈರುಳ್ಳಿ ಇಲ್ಲ. ಈರುಳ್ಳಿ, ಬೆಳ್ಳುಳ್ಳಿ ನಾಯಿಯ ಕೆಂಪು ರಕ್ತಕಣಗಳನ್ನು ಒಡೆಯುತ್ತವೆ ಎಂದು ನನಗೆ ಗೊತ್ತಾಗಿದ್ದು ಈಚೆಗೆ. ಅಲ್ಲಿಯವರೆಗೆ ನಾವೂ ಎಲ್ಲರಂತೆ ಉಳಿದ ಸಾರನ್ನೇ ಸುರಿಯುತ್ತಿದ್ದೆವು.

ನಮ್ಮದು ಕೊಪ್ಪ. ಚಿಕ್ಕಮಗಳೂರಿನ ಕೊಪ್ಪವಲ್ಲ, ಪಿರಿಯಾಪಟ್ಟಣ ತಾಲ್ಲೂಕಿನ ಕೊಪ್ಪ. ಕಾವೇರಿ ಸೇತುವೆ ದಾಟಿದರೆ ಕುಶಾಲನಗರ, ಅಲ್ಲಿಗೆ ಕೊಡಗು. ಈ ಕಡೆ ತಿರುಗಿದರೆ ಬೈಲಕುಪ್ಪೆಯ ಟಿಬೆಟನ್ ಶಿಬಿರಗಳು. ಬೂದಿ ಸಿಕ್ಕಿದ್ದು ಒಂದು ಹೊಗೆಸೊಪ್ಪಿನ ಬ್ಯಾರನ್ ಪಕ್ಕ, ಬೆಚ್ಚನೆಯ ಬೂದಿಯ ಗುಡ್ಡೆಯಲ್ಲಿ. ಕಾಲು ಮುರಿದು ಹಿಡಿಯಷ್ಟಿತ್ತು. ಕೆಂಚ ಹೆದ್ದಾರಿಯ ಪ್ರವಾಸಿ ಬಸ್ಸುಗಳು ನಿಲ್ಲುವಲ್ಲಿಂದ ತಾನಾಗಿಯೇ ಹಿಂದೆ ಬಂದವನು. ಆಗಿನ್ನೂ ಮಗಳು ಹುಟ್ಟಿರಲಿಲ್ಲ, ಮನೆಯಲ್ಲಿ ನನ್ನ ಪಿಎಚ್.ಡಿ. ಕಾಗದಗಳ ಬಿಟ್ಟರೆ ಕಡಿಯಲು ಏನೂ ಇರಲಿಲ್ಲ.

ನನ್ನ ವಿಷಯ ವೀರಗಲ್ಲುಗಳು, ಅವುಗಳಿಗೆ ಬಿಟ್ಟ ಭೂಮಿ. ಹಳೆ ಮೈಸೂರಿನ ವೀರಗಲ್ಲುಗಳ ಮೇಲೆ ಕೆಲಸ ಮಾಡುವವರು ಯಾರೇ ಆದರೂ ಒಂದು ನಾಯಿಯ ಮುಂದೆ ನಿಲ್ಲಲೇಬೇಕು. ಅದರ ಹೆಸರು ಕಾಳಿ.

ಮದ್ದೂರು ತಾಲ್ಲೂಕಿನ ಆತಕೂರಿನಲ್ಲಿದ್ದ ಕಲ್ಲು ಅದು, ಈಗ ಬೆಂಗಳೂರಿನ ಕಸ್ತೂರಬಾ ರಸ್ತೆಯ ಸರ್ಕಾರಿ ವಸ್ತುಸಂಗ್ರಹಾಲಯದಲ್ಲಿದೆ. ಕಾಲ ಕ್ರಿ.ಶ. 949-50. ಬಿ.ಎಲ್. ರೈಸ್ ಇದನ್ನು ಎಪಿಗ್ರಾಫಿಯಾ ಕರ್ನಾಟಿಕಾದ ಮೂರನೆಯ ಸಂಪುಟದಲ್ಲಿ, ಅಂದರೆ ಮೈಸೂರು ಜಿಲ್ಲೆಯ ಸಂಪುಟದಲ್ಲಿ ಅಚ್ಚು ಹಾಕಿದ. ಮಂಡ್ಯ ಜಿಲ್ಲೆ ಹುಟ್ಟಿದ್ದು 1939ರಲ್ಲಿ, ಹಾಗಾಗಿ ರೈಸನ ಕಾಲಕ್ಕೆ ಕಾಳಿ ನಮ್ಮ ಜಿಲ್ಲೆಯವಳೇ. (ಹೆಣ್ಣು ನಾಯಿ ಎಂದು ನಾನೇ ಅಂದುಕೊಂಡುಬಿಟ್ಟಿದ್ದೇನೆ, ಹೆಸರಿನ ಪ್ರಭಾವ.)

ಇತಿಹಾಸದ ಪುಸ್ತಕಗಳಿಗೆ ಈ ಕಲ್ಲು ಬೇಕಾಗಿರುವುದು ಬೇರೆ ಕಾರಣಕ್ಕೆ. ರಾಷ್ಟ್ರಕೂಟ ಮೂರನೆಯ ಕೃಷ್ಣ ತಕ್ಕೋಲದಲ್ಲಿ ಚೋಳರ ರಾಜಾದಿತ್ಯನ ಮೇಲೆ ಬಿದ್ದದ್ದು, ಗಂಗರ ಇಮ್ಮಡಿ ಬೂತುಗ ರಾಜಾದಿತ್ಯನನ್ನು ಕೊಂದದ್ದು, ಅದಕ್ಕೆ ಮೆಚ್ಚಿ ಕೃಷ್ಣ ಬನವಾಸಿ ಪನ್ನಿರ್ಛಾಸಿರ ಮುಂತಾದ ನಾಡುಗಳನ್ನು ಕೊಟ್ಟದ್ದು, ಎಲ್ಲಕ್ಕೂ ಇದು ಆಧಾರ. ಪರೀಕ್ಷೆಗೆ ಓದುವವರು ಅಲ್ಲಿಗೆ ನಿಲ್ಲಿಸುತ್ತಾರೆ. ನಾನೂ ಎಂ.ಎ.ಯಲ್ಲಿ ಅಲ್ಲಿಗೇ ನಿಲ್ಲಿಸಿದ್ದೆ.

ಆದರೆ ಕಲ್ಲಿನ ಮೇಲೆ ಕೆತ್ತಿರುವ ಚಿತ್ರದಲ್ಲಿ ಕೃಷ್ಣನೂ ಇಲ್ಲ, ಬೂತುಗನೂ ಇಲ್ಲ. ಒಂದು ನಾಯಿ, ಒಂದು ಕಾಡುಹಂದಿ, ಒಂದನ್ನೊಂದು ಕಚ್ಚಿ ಹಿಡಿದಿವೆ. ಕತೆ ಹೀಗೆ: ಬೂತುಗನ ಕಡೆ ಹೋರಾಡಿದ ಮಣಲೇರ ಎಂಬ ವೀರನಿದ್ದ. ಮೆಚ್ಚಿದ ದೊರೆ ಏನು ಬೇಕೋ ಕೇಳು ಎಂದ. ಮಣಲೇರ ಕೇಳಿದ್ದು ದೊರೆಯ ನಾಯಿ ಕಾಳಿಯನ್ನು. ಆಮೇಲೆ ಕೆಳಲೆ ನಾಡಿನ ಬೆಳತೂರಿನ ಪಡುವಣ ಗುಡ್ಡದಲ್ಲಿ ಕಾಳಿಯನ್ನು ದೊಡ್ಡ ಹಂದಿಯೊಂದರ ಮೇಲೆ ಬಿಟ್ಟರು. ನಾಯಿಯೂ ಹಂದಿಯೂ ಜೊತೆಗೇ ಸತ್ತವು. ಆತಕೂರಿನ ಚಲ್ಲೇಶ್ವರ ದೇವಾಲಯದ ಮುಂದೆ ಕಲ್ಲು ನಿಲ್ಲಿಸಿ ಭೂಮಿ ಬಿಟ್ಟರು.

ನನ್ನ ಕೆಲಸ ಆ ಭೂಮಿಯದು, ಹಾಗಾಗಿ ಶಾಸನದ ಕೊನೆಯ ಸಾಲುಗಳನ್ನು ಎಷ್ಟೋ ಸಲ ಓದಿದ್ದೇನೆ. ದಾನಶಾಸನದ ಕೊನೆಯಲ್ಲಿ ಶಾಪವಿರುವುದು ರೂಢಿ. ಇದನ್ನು ಕೆಡಿಸಿದವನು ವಾರಣಾಸಿಯಲ್ಲಿ ಸಾವಿರ ಕವಿಲೆಯನ್ನು ಕೊಂದ ಪಾಪಕ್ಕೆ ಹೋಗುತ್ತಾನೆ, ಅರವತ್ತು ಸಾವಿರ ವರ್ಷ ಹೇಸಿಗೆಯಲ್ಲಿ ಹುಳುವಾಗುತ್ತಾನೆ, ಹೀಗೆ. ನೂರು ಶಾಸನ ಓದಿದ ಮೇಲೆ ಕಣ್ಣು ತಾನಾಗಿಯೇ ಅದನ್ನು ಹಾರಿಸುತ್ತದೆ. ಆತಕೂರಿನಲ್ಲಿ ಹಾರಿಸಲಾಗುವುದಿಲ್ಲ. ಅಲ್ಲಿ ಹಸುವಿಲ್ಲ, ವಾರಣಾಸಿಯಿಲ್ಲ. ಆ ಸ್ಥಾನವನ್ನು ನೋಡಿಕೊಳ್ಳುವ ಗೊರವ ಈ ಕಲ್ಲಿಗೆ ಪೂಜೆ ಮಾಡದೆ ಉಂಡರೆ ನಾಯಿಯ ಪಾಪ ಅವನಿಗೆ, ಎಂದಿದೆ.

ಉಂಡರೆ. ಆ ಒಂದು ಕ್ರಿಯಾಪದದ ಮೇಲೆ ನಾನು ಒಂದು ಅಧ್ಯಾಯ ಬರೆಯಬೇಕು ಎಂದು ಹೊರಟು, ಮಗಳು ಹುಟ್ಟಿ, ಎರಡು ಪುಟಕ್ಕೆ ನಿಂತಿದ್ದೇನೆ. ಗೊರವ ಎಂದರೆ ಆಗ ಶೈವ ಪೂಜಾರಿ. ಈಗ ನಮ್ಮ ಕಡೆ ಗೊರವರೆಂದರೆ ಕರಡಿ ಕೂದಲಿನ ಟೋಪಿ ಹಾಕಿ, ಡಮರು ಹಿಡಿದು ಕುಣಿಯುವ ಮೈಲಾರಲಿಂಗನ ಒಕ್ಕಲು. ದೋಣಿ ಸೇವೆಯ ದಿನ ಅವರು ಮರದ ದೋಣಿಯಲ್ಲಿ ಹಾಲು, ಬಾಳೆಹಣ್ಣು, ತುಪ್ಪ ಕಲಸಿಟ್ಟು, ನಾಯಿಯಂತೆ ಬೊಗಳುತ್ತ, ಕೈ ಮುಟ್ಟಿಸದೆ ಬಾಯಿ ಹಾಕಿ ತಿನ್ನುತ್ತಾರೆ. ಮೈಲಾರನ ನಾಯಿಗಳು ತಾವು ಎಂಬ ಭಾವ. ಸಾವಿರ ವರ್ಷದ ಹಿಂದಿನ ಗೊರವನಿಗೂ ಇವರಿಗೂ ನೇರ ಗೆರೆ ಎಳೆಯುವ ಧೈರ್ಯ ನನಗಿಲ್ಲ. ಮೊದಲು ನಾಯಿಗೆ, ಆಮೇಲೆ ತನಗೆ ಎಂಬುದು ಮಾತ್ರ ಎರಡು ಕಡೆಯೂ ಪೂಜೆಯ ಮಾತಾಗಿಯೇ ಬರುತ್ತದೆ.

ನನ್ನನ್ನು ಕಾಡುವ ಪ್ರಶ್ನೆ ಬೇರೆ. ದೊರೆಯ ಮನೆಯಲ್ಲಿದ್ದಾಗ, ಮಣಲೇರನ ಮನೆಗೆ ಬಂದಾಗ, ಕಾಳಿಗೆ ದಿನಾ ಕೂಳು ಹಾಕಿದವರು ಯಾರು? ಬೇಟೆಗೆ ಬಿಟ್ಟವರ ಹೆಸರಿದೆ, ಕಲ್ಲು ನಿಲ್ಲಿಸಿದವರ ಹೆಸರಿದೆ. ಹಂಡೆಯಿಂದ ಗಂಜಿ ತೋಡಿ ಹಾಕಿದ ಕೈಗೆ ಕಲ್ಲಿಲ್ಲ. ಆದರೆ ಆ ಕೈ ಇನ್ನೊಂದು ಕಡೆ ದಾಖಲಾಗಿದೆ. 2013ರಲ್ಲಿ ನೇಚರ್ ಪತ್ರಿಕೆಯಲ್ಲಿ ಬಂದ ಒಂದು ಅಧ್ಯಯನದಲ್ಲಿ ಸ್ವೀಡನ್ನಿನ ಸಂಶೋಧಕರು ತೋಳ ಮತ್ತು ನಾಯಿಗಳ ವಂಶವಾಹಿಗಳನ್ನು ಹೋಲಿಸಿದರು. ಪಿಷ್ಟ ಅರಗಿಸುವ ಅಮೈಲೇಸ್ ವಂಶವಾಹಿ ತೋಳದಲ್ಲಿ ಎರಡು ಪ್ರತಿ ಇದ್ದರೆ ನಾಯಿಯಲ್ಲಿ 4ರಿಂದ 30. ಧಾನ್ಯ ಬೇಯಿಸಿದ ಒಲೆಗಳ ಪಕ್ಕ ಸಾವಿರಾರು ವರ್ಷ ಕೂತು ಕಾದದ್ದರ ಗುರುತು. ಬೂದಿ ಮುದ್ದೆ ನುಂಗುವುದನ್ನು ನೋಡಿದಾಗಲೆಲ್ಲ ನನಗೆ ಇದೂ ಒಂದು ಶಾಸನವೇ ಅನ್ನಿಸುತ್ತದೆ.

ಬೀದಿಯ ನಾಯಿಗೆ ನಾವಿಟ್ಟ ಹೆಸರನ್ನೇ ನೋಡಿ. ಕಂತ್ರಿ ಎನ್ನುತ್ತೇವೆ. ಇಂಗ್ಲಿಷರ ‘ಕಂಟ್ರಿ’, ಅಂದರೆ ನಾಡಿನದು, ನಮ್ಮ ಬಾಯಲ್ಲಿ ಬೈಗುಳವಾಯಿತು. ಅವರೇ ಇದಕ್ಕೆ ‘ಪರಯ ನಾಯಿ’ ಎಂದು ತಮಿಳಿನ ಒಂದು ಜಾತಿಯ ಹೆಸರಿಟ್ಟು ನಿಘಂಟಿಗೂ ಏರಿಸಿದರು. ಬೀದಿನಾಯಿ ಕೊಲ್ಲುವುದನ್ನು ನಗರಾಡಳಿತದ ಕೆಲಸವಾಗಿ ಮಾಡಿದವರೂ ಅವರೇ. 1832ರಲ್ಲಿ ಮುಂಬಯಿಯಲ್ಲಿ ಅದನ್ನು ವಿರೋಧಿಸಿ ಪಾರ್ಸಿಗಳು ಬೀದಿಗಿಳಿದು ಗಲಭೆಯೇ ಆಯಿತು.

ಹೀಗೆಲ್ಲ ಬರೆಯುವುದು ಸುಲಭ. ಅಜ್ಜಿಯ ಮುಂದೆ ಹೇಳುವುದು ಕಷ್ಟ.

ಅಜ್ಜಿಗೆ ನಾಯಿ ಕಂಡರೆ ಆಗುವುದಿಲ್ಲ. ಅವಳ ತಮ್ಮನಿಗೆ ಎಂಟು ವರ್ಷವಿದ್ದಾಗ ಹೊಲದ ಬದುವಿನಲ್ಲಿ ನಾಯಿ ಕಚ್ಚಿತ್ತು. ಯಾರೋ ಸೊಪ್ಪಿನ ರಸ ಹಾಕಿದರು, ತಾಯಿತ ಕಟ್ಟಿದರು, ಗಾಯ ಮಾಯಿತು. ಎರಡು ತಿಂಗಳಾದ ಮೇಲೆ ಹುಡುಗ ನೀರು ಕಂಡರೆ ಕಿರುಚತೊಡಗಿದ. ಕೊಟ್ಟಿಗೆಯ ಕೋಣೆಯಲ್ಲಿ ಹಾಕಿ ಬಾಗಿಲು ಎಳೆದುಕೊಂಡರಂತೆ. ‘ಅಕ್ಕಾ ನೀರು’ ಅಂತಿದ್ದ, ತಗೊಂಡೋದ್ರೆ ಬೇಡ ಅಂತಿದ್ದ, ಎಂದು ಅಜ್ಜಿ ಒಂದೇ ಒಂದು ಸಲ ನನಗೆ ಹೇಳಿದ್ದಾಳೆ.

ಆ ಹೊತ್ತಿಗೆ ಲಸಿಕೆ ಇರಲಿಲ್ಲವೆಂದಲ್ಲ. ನೀಲಗಿರಿಯ ಕೂನೂರಿನಲ್ಲಿ ಪಾಸ್ಚರ್ ಸಂಸ್ಥೆ ಶುರುವಾದದ್ದು 1907ರಲ್ಲಿ. ಕುರಿಯ ಮಿದುಳಿನಿಂದ ಮಾಡುತ್ತಿದ್ದ ಸೆಂಪಲ್ ಲಸಿಕೆ ಅದರ ಕೆಲವೇ ವರ್ಷಗಳಲ್ಲಿ ಬಂತು. ಹೊಕ್ಕುಳ ಸುತ್ತ ಹದಿನಾಲ್ಕು ಸೂಜಿ ಎಂದು ನಮ್ಮ ಹಿರಿಯರು ಮಕ್ಕಳನ್ನು ಹೆದರಿಸುತ್ತಿದ್ದದ್ದು ಅದನ್ನೇ. ಮಿದುಳಿನ ಅಂಶವಿದ್ದದ್ದರಿಂದ ಒಮ್ಮೊಮ್ಮೆ ಲಸಿಕೆಯೇ ನರಗಳಿಗೆ ಪೆಟ್ಟು ಕೊಡುತ್ತಿತ್ತು. ಭಾರತದಲ್ಲಿ ಅದು ಪೂರ್ತಿ ನಿಂತದ್ದು ಈ ಶತಮಾನ ಬಂದ ಮೇಲೆ. ಲಸಿಕೆ ಇತ್ತು. ಹಳ್ಳಿಗೂ ಅದಕ್ಕೂ ನಡುವೆ ರಸ್ತೆ ಇರಲಿಲ್ಲ, ದುಡ್ಡಿರಲಿಲ್ಲ, ಹೋಗಬೇಕೆಂದು ಹೇಳುವವರಿರಲಿಲ್ಲ.

ಕಳೆದ ಮಳೆಗಾಲದಲ್ಲಿ ಬೂದಿ ಮಗಳನ್ನು ಕಚ್ಚಿತು.

ತಪ್ಪು ನನ್ನದು. ಗಂಜಿ ಹಾಕಿ ಫೋನಿಗೆ ಓಡಿದೆ. ಒಂದೂವರೆ ವರ್ಷದ ಮಗು ಹೋಗಿ ತಿನ್ನುತ್ತಿದ್ದ ನಾಯಿಯ ಬಟ್ಟಲಿಗೇ ಕೈ ಹಾಕಿದೆ. ಬಲ ಮುಂಗೈಯಲ್ಲಿ ಎರಡು ಗೀರು, ಸಾಸಿವೆಯಷ್ಟು ರಕ್ತ. ನಲ್ಲಿಯ ಕೆಳಗೆ ಹಿಡಿದು ಸೋಪು ಹಾಕಿ ಹದಿನೈದು ನಿಮಿಷ ತೊಳೆದೆ. ಅವಳು ಅತ್ತಳು, ನಾನೂ ಅತ್ತೆ. ಬೂದಿಗೆ ಲಸಿಕೆ ಹಾಕಿಸಿತ್ತು, ಚೀಟಿಯೂ ಇತ್ತು. ಆದರೂ ಡಾಕ್ಟರು ಬಿಡಲಿಲ್ಲ, ಬಿಡಬಾರದು ಕೂಡ. ರಕ್ತ ಬಂದದ್ದರಿಂದ ಗಾಯದ ಸುತ್ತ ಇಮ್ಯುನೊಗ್ಲಾಬ್ಯುಲಿನ್, ಜೊತೆಗೆ 0, 3, 7, 28ನೇ ದಿನ ಚರ್ಮದೊಳಕ್ಕೆ ಲಸಿಕೆ. ನಾಯಿಯನ್ನು ಹತ್ತು ದಿನ ಕಟ್ಟಿ ನೋಡಿ ಎಂದರು. ನಾಯಿಯ ಜೊಲ್ಲಿನಲ್ಲಿ ವೈರಸ್ ಇದ್ದಿದ್ದರೆ ಹತ್ತು ದಿನದೊಳಗೆ ಅದಕ್ಕೆ ರೋಗ ಕಾಣಿಸಿ ಸಾಯುತ್ತದೆ, ಬದುಕಿದ್ದರೆ ಕಚ್ಚಿದ ದಿನ ಇರಲಿಲ್ಲ ಎಂದರ್ಥ.

ಅಕ್ಕಪಕ್ಕದವರು ಬಂದರು. ಸುಪ್ರೀಂ ಕೋರ್ಟು 2025ರ ಆಗಸ್ಟ್ 11ರಂದು ದೆಹಲಿಯ ನಾಯಿಗಳನ್ನೆಲ್ಲ ಹಿಡಿದು ಹಾಕಿ ಎಂದದ್ದು ಎಲ್ಲರಿಗೂ ಗೊತ್ತಿತ್ತು. ಆಗಸ್ಟ್ 22ರಂದು ಬದಲಾಯಿಸಿ, ಸಂತಾನಹರಣ ಮಾಡಿ ಲಸಿಕೆ ಹಾಕಿ ಅದೇ ಜಾಗಕ್ಕೆ ಬಿಡಿ, ರೇಬಿಸ್ ಇದ್ದವನ್ನೂ ಮೇಲೆ ಬೀಳುವವನ್ನೂ ಬಿಡಬೇಡಿ ಎಂದದ್ದು ಯಾರಿಗೂ ತಲುಪಿರಲಿಲ್ಲ. ರಾತ್ರಿ ಆಟೊದಲ್ಲಿ ಒಯ್ದು ಕಾಡಂಚಿಗೆ ಬಿಡುತ್ತೇನೆ ಎಂದು ಒಬ್ಬರು ಮುಂದೆ ಬಂದರು. ನನ್ನ ಗಂಡ ಸುಮ್ಮನಿದ್ದ. ನನಗೂ ಆ ರಾತ್ರಿ ಅದೇ ಸರಿ ಅನ್ನಿಸಿತ್ತು, ಇದನ್ನು ಬರೆಯದಿದ್ದರೆ ಮೇಲಿನದೆಲ್ಲ ಸುಳ್ಳಾಗುತ್ತದೆ.

ಬೇಡ ಎಂದವಳು ಅಜ್ಜಿ. ‘ಕಣ್ಮುಂದೆ ಇರ್ಬೇಕು ಅದು. ಬಿಟ್ಬುಟ್ರೆ ಏನಾಯ್ತು ಅಂತ ಹೆಂಗ್ ಗೊತ್ತಾಯ್ತದೆ?’ ಅವಳ ತಮ್ಮನನ್ನು ಕಚ್ಚಿದ ನಾಯಿಯನ್ನು ಅದೇ ದಿನ ಹೊಡೆದು ಹಾಕಿದ್ದರಂತೆ. ಅದಕ್ಕೇ ಯಾರಿಗೂ ಏನೂ ತಿಳಿಯಲಿಲ್ಲ, ತಾಯಿತ ಸಾಕು ಎಂದುಕೊಂಡರು.

ಹಿತ್ತಲ ಸೀಬೆ ಮರಕ್ಕೆ ಬೂದಿಯನ್ನು ಕಟ್ಟಿದೆವು. ಮರುದಿನ ಬೆಳಗ್ಗೆ ನಾನೇಳುವಷ್ಟರಲ್ಲಿ ಅಜ್ಜಿ ಒಲೆ ಹಚ್ಚಿದ್ದಳು. ಗಂಜಿ ಆರಿಸಿ, ಉದ್ದದ ಕೋಲಿನಿಂದ ಬಟ್ಟಲು ತಳ್ಳಿ, ಮೆಟ್ಟಿಲ ಮೇಲೆ ಕೂತು ನೋಡಿದಳು. ತಿಂದಿತೇ, ನುಂಗಿತೇ, ನೀರು ಕುಡಿಯಿತೇ. ನೀರನ್ನು ಹೆಚ್ಚು ಹೊತ್ತು ನೋಡಿದಳು. ಅದು ಬಟ್ಟಲು ನೆಕ್ಕಿದ ಮೇಲೆ ಒಳಗೆ ಬಂದು ತಾನು ಕಾಫಿ ಕುಡಿದಳು. ಎರಡನೆಯ ದಿನವೂ ಹಾಗೆಯೇ. ಮೂರನೆಯ ದಿನ ನಾವು ಲಸಿಕೆಗೆ ಹೋಗಿ ಹನ್ನೊಂದಕ್ಕೆ ಬಂದರೆ ಅವಳಿನ್ನೂ ಏನೂ ತಿಂದಿರಲಿಲ್ಲ, ಬೂದಿ ಮಳೆಗೆ ಮುದುಡಿ ಕೂತು ಬಟ್ಟಲು ಮುಟ್ಟಿರಲಿಲ್ಲ. ನನ್ನ ಎದೆ ಹೊಡೆದುಕೊಂಡಿತು. ಅಜ್ಜಿ ಹುರಿಹಿಟ್ಟಿಗೆ ಸ್ವಲ್ಪ ಹಾಲು ಕಲಸಿ ತಳ್ಳಿದಳು. ಇದೇ ಹುರಿಹಿಟ್ಟನ್ನು ಪಕ್ಕದ ಶಿಬಿರದ ಟಿಬೆಟನ್ ಮುದುಕಿಯೊಬ್ಬರು ನಮ್ಮ ತ್ಸಂಪಾ ಎಂದು ನಕ್ಕಿದ್ದರು. ಅವರದು ಹುರಿದ ಬಾರ್ಲಿ ಹಿಟ್ಟು, ಬೆಣ್ಣೆ ಚಹಾದಲ್ಲಿ ಕೈಯಲ್ಲೇ ಕಲಸುವಂಥದ್ದು. 1960ರ ಸುಮಾರಿಗೆ ಇಲ್ಲಿಗೆ ಬಂದು ಕಾಡು ಕಡಿದು ಮುಸುಕಿನ ಜೋಳ ಬೆಳೆಯತೊಡಗಿದವರಿಗೆ ಬಾರ್ಲಿ ಸಿಗುವುದೇ ಕಷ್ಟವಿತ್ತು. ಬೂದಿ ಮೂಸಿತು, ತಿಂದಿತು.

ಹತ್ತೂ ದಿನ ಅಜ್ಜಿ ನಾಯಿ ತಿನ್ನದೆ ತಾನು ತಿನ್ನಲಿಲ್ಲ. ಆತಕೂರಿನ ಗೊರವನ ವಿಷಯ ಅವಳಿಗೆ ಹೇಳಿದ್ದು ಏಳನೆಯ ದಿನ ಇರಬೇಕು. ‘ನಾಯಿ ಕಲ್ಲಿಗೆ ಹೊಲ ಬಿಟ್ರಾ? ಎಷ್ಟು?’ ಎಂದು ಕೇಳಿದಳು. ಒಕ್ಕಲಿನವಳ ಪ್ರಶ್ನೆ, ನನ್ನ ಮಾರ್ಗದರ್ಶಕರು ಕೇಳುವುದೂ ಅದನ್ನೇ.

ಹನ್ನೊಂದನೆಯ ಬೆಳಗ್ಗೆ ಹಗ್ಗ ಬಿಚ್ಚಿದೆವು. ಅಜ್ಜಿ ಈಗಲೂ ಬೂದಿಯನ್ನು ಮುಟ್ಟುವುದಿಲ್ಲ, ಮಗಳು ಅಡುಗೆಮನೆಯಲ್ಲಿದ್ದರೆ ಹಿತ್ತಲ ಬಾಗಿಲ ಅಗುಳಿ ಹಾಕಿಯೇ ಇರುತ್ತಾಳೆ. ನಾಯಿಗಳ ಬಟ್ಟಲು ಈಗ ಗೇಟಿನಾಚೆ, ಮಗುವಿನ ಕೈಗೆ ಎಟುಕದ ಕಡೆ. ಇಪ್ಪತ್ತೆಂಟನೆಯ ದಿನದ ಸೂಜಿಗೆ ಮಗಳು ಅಳಲಿಲ್ಲ. ಬರುವಾಗ ದಾರಿಯಲ್ಲಿ ಕಂಡ ಪ್ರತಿ ನಾಯಿಗೂ ‘ಬೂಯಿ’ ಎಂದು ಕೈ ಬೀಸುತ್ತ ಬಂದಳು. ನಾನು ಅವಳ ಕೈಯನ್ನು ಗಟ್ಟಿಯಾಗಿ ಹಿಡಿದುಕೊಂಡಿದ್ದೆ.