ಗ್ರಹಣವು ನುಡಿದ ಸಾಕ್ಷ್ಯ

ಬೆಳಕು ಸರಳರೇಖೆಯಲ್ಲಿ ಚಲಿಸುವುದೆಂದು ನಾವೆಲ್ಲರೂ ಕಲಿತವರೇ. ಆದರೆ ಭಾರವಾದ ಕಾಯದ ಸುತ್ತ ದೇಶಕಾಲಗಳೇ ಬಾಗುವುವೆಂಬುದು ಐನ್‌ಸ್ಟೈನರ ಸಾಪೇಕ್ಷ ಸಿದ್ಧಾಂತ. ಅದರಂತೆ ಸೂರ್ಯನ ಅಂಚನ್ನು ಸವರಿ ಬರುವ ತಾರೆಯ ಬೆಳಕು 1.75 ವಿಕಲೆಯಷ್ಟು ಓರೆಯಾಗಬೇಕೆಂದು ಅವರು 1915ರಲ್ಲಿ ಬರ್ಲಿನ್ನಿನಲ್ಲಿ ಗಣಿಸಿದರು. ವಿಕಲೆಯೆಂದರೆ ಒಂದು ಡಿಗ್ರಿಯ 3600ನೆಯ ಒಂದು ಪಾಲು. ನ್ಯೂಟನ್ನರ ನಿಯಮದಿಂದ ದೊರೆಯುವುದು ಇದರ ಅರ್ಧ ಮಾತ್ರ.

ಸೂರ್ಯನ ಬಳಿಯ ತಾರೆಗಳನ್ನು ಪೂರ್ಣಗ್ರಹಣದಲ್ಲಲ್ಲವೆ ಕಾಣಬೇಕು? ಮಹಾಯುದ್ಧ ನಿಂತು ಏಳು ತಿಂಗಳೂ ತುಂಬಿರಲಿಲ್ಲ. ಶತ್ರುದೇಶದ ರಾಜಧಾನಿಯಿಂದ ಬಂದ ಸಿದ್ಧಾಂತವನ್ನು ಒರೆಗೆ ಹಚ್ಚಲು ಆಂಗ್ಲ ಖಗೋಳಜ್ಞರೇ ಹೊರಟರು. 1919ನೆಯ ಮೇ 29ರಂದು ಪ್ರಿನ್ಸಿಪೆ ದ್ವೀಪದಲ್ಲಿ ಎಡಿಂಗ್ಟನ್ನರು ತೆಗೆದ ಛಾಯಾಚಿತ್ರಗಳು 1.61 ಎಂದುವು; ಬ್ರೆಜಿಲಿನ ಸೊಬ್ರಾಲಿನ ಉತ್ತಮ ಚಿತ್ರಗಳು 1.98 ಎಂದುವು. ನವೆಂಬರ್ 6ರಂದು ಲಂಡನ್ನಿನ ವಿದ್ವತ್ಸಭೆಯಲ್ಲಿ ಫಲವನ್ನು ಸಾರಲಾಯಿತು.

ಸೋಲುವ ಅಪಾಯಕ್ಕೆ ತನ್ನನ್ನು ಒಡ್ಡಿಕೊಂಡ ಸಿದ್ಧಾಂತವನ್ನು ನಾವು ನಂಬಬಹುದು. ಪರೀಕ್ಷಕನ ದೇಶವನ್ನಾಗಲಿ ಪರೀಕ್ಷಿತನ ದೇಶವನ್ನಾಗಲಿ ಆಕಾಶವು ಕೇಳಲಿಲ್ಲ.